ಹರಾಜಿನ ಪಟ್ಟಿಯಲ್ಲಿ ನನ್ನ ಕಾಜಾ ಮಷೀನುಗಳು

ಹರಾಜಿನ ಪಟ್ಟಿಯನ್ನು ಮೊಬೈಲಿಗೆ ಕಳಿಸಿದವಳು ನನ್ನ ಜೊತೆ ಕೆಲಸ ಮಾಡುತ್ತಿದ್ದ ಗೆಳತಿ. ಅವಳಿಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಫೋಟೊ ನೋಡಿಯೇ ಗುರುತು ಹಿಡಿದಿದ್ದಳು. "ಅಕ್ಕಾ, ಇದು ನಮ್ ಮಷೀನ್ ಅಲ್ವಾ?" ಎಂದು ಕೆಳಗೊಂದು ವಾಯ್ಸ್ ಮೆಸೇಜು. ನಾನು ವಿಜಯನಗರದ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಫೋಟೊ ದೊಡ್ಡದು ಮಾಡಿ ನೋಡಿದೆ. ಸಾಲಾಗಿ ನಾಲ್ಕು ಕಾಜಾ ಮಷೀನು. ನಾನು ಒಂದೊಂದಾಗಿ ಕೊಂಡವು, ದಿನಾ ಕೂತು ಹೊಲಿದವು. ಫೋಟೊದ ಕೆಳಗೆ ಅವು ದಿವಾಳಿಯಾದ ಕಂಪನಿಯ ಆಸ್ತಿಯೆಂದೂ ಇಂತಿಂಥ ದಿನ ಮಾರಾಟವೆಂದೂ ಬರೆದಿತ್ತು. ಹಂಚಿನ ಮೇಲಿದ್ದ ರೊಟ್ಟಿ ಸೀದು ಹೋಯಿತು.

ಅಂಗಿಯ ಗುಂಡಿ ತೂರಿಸಲು ಸುತ್ತ ದಾರ ಹಾಕಿದ ತೂತು ಇರುತ್ತದಲ್ಲ, ಅದು ಕಾಜಾ. ಅಂಗಿ ಕೊಳ್ಳುವವರು ಬಟ್ಟೆ ಮುಟ್ಟಿ ನೋಡುತ್ತಾರೆ, ಕಾಲರ್ ನೋಡುತ್ತಾರೆ, ಕಾಜಾವನ್ನು ಯಾರೂ ನೋಡುವುದಿಲ್ಲ. ಅದು ಕಿತ್ತುಹೋದಾಗ ಮಾತ್ರ ಹೊಲಿದವರನ್ನು ಬೈಯುತ್ತಾರೆ. ಹೀಗೆ ಬೈಸಿಕೊಳ್ಳುವ ಕೆಲಸವನ್ನು ನಾನು ಕಾಮಾಕ್ಷಿಪಾಳ್ಯದ ಒಂದು ಶೀಟಿನ ಶೆಡ್ಡಿನಲ್ಲಿ ವರ್ಷಗಟ್ಟಲೆ ಮಾಡಿದೆ. ಮದುವೆಯಾಗಿ ದಾವಣಗೆರೆ ಕಡೆಯಿಂದ ಬಂದಾಗ ನನಗೆ ಹೊಲಿಗೆ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಗಂಡ ಒಂದು ಖಾಸಗಿ ಶಾಲೆಯ ಆಫೀಸಿನಲ್ಲಿ ಗುಮಾಸ್ತರು, ಸಾಧು ಪ್ರಾಣಿ. ನಾನು ಸೆಕೆಂಡ್ ಹ್ಯಾಂಡಿನಲ್ಲಿ ಮೊದಲ ಮಷೀನು ತಂದಾಗ ಅವರು ಕೇಳಿದ್ದು ಒಂದೇ ಮಾತು: "ಇದು ಶಬ್ದ ಮಾಡುತ್ತೇನೇ?" ಮಾಡುತ್ತಿತ್ತು. ಅದಕ್ಕೇ ಶೆಡ್ಡು ಹಿಡಿದದ್ದು.

ಮಷೀನು ಒಂದಿದ್ದದ್ದು ನಾಲ್ಕಾಯಿತು. ನನ್ನ ಜೊತೆ ಇನ್ನೂ ಮೂವರು ಹೆಂಗಸರು ಬಂದರು. ಒಬ್ಬೊಬ್ಬರಿಗೆ ಒಂದೊಂದು ಮಷೀನು. ಒಬ್ಬಳದರಲ್ಲಿ ಇನ್ನೊಬ್ಬಳು ಕೂತರೆ ಜಗಳವೇ. ನಾನು ಮಾಲಕಿ ಎಂದು ಹೇಳಿಕೊಂಡರೂ ನಾಲ್ಕನೆಯ ಮಷೀನಿನಲ್ಲಿ ಅವರಷ್ಟೇ ಹೊತ್ತು ಬೆನ್ನು ಬಗ್ಗಿಸುತ್ತಿದ್ದೆ.

ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿ ಅಂಗಿ ಹೊಲಿದು ಹೊರದೇಶಕ್ಕೆ ಕಳಿಸುವ ಒಂದು ಕಾರ್ಖಾನೆ ಇತ್ತು. ನಮಗೆ ಅಲ್ಲಿಂದಲೇ ಹೆಚ್ಚು ಕೆಲಸ. ಒಂದು ದಿನ ಅದರ ಮಾಲೀಕರು, "ಅಂಗಿ ಅಲ್ಲಿಗೆ ಕಳ್ಸೋದು, ಮತ್ತೆ ಇಲ್ಲಿಗೆ ತರೋದು, ಯಾಕಮ್ಮ ಈ ಒದ್ದಾಟ? ಮಷೀನ್ ತಂದು ಇಲ್ಲೇ ಹಾಕ್ಕೊಳ್ಳಿ. ಕರೆಂಟೂ ನಂದೇ" ಎಂದರು. ಶೆಡ್ಡಿನ ಬಾಡಿಗೆ ಉಳಿಯುತ್ತದೆಂದು ನನಗೂ ಆಸೆಯಾಯಿತು. ಟೆಂಪೋದಲ್ಲಿ ನಾಲ್ಕನ್ನೂ ಸಾಗಿಸಿದೆವು. ಗೇಟಿನಲ್ಲಿ ಸೆಕ್ಯುರಿಟಿಯವನು ಒಂದೊಂದರ ತಗಡಿನ ಮೇಲಿದ್ದ ನಂಬರನ್ನು ಬರೆದುಕೊಂಡು ನಾಲ್ಕು ಹಸಿರು ಚೀಟಿ ಕೊಟ್ಟ. ಮಾಲು ವಾಪಸ್ ಒಯ್ಯುವಾಗ ಆ ಚೀಟಿ ತೋರಿಸಬೇಕು. ಅದು ಎಲ್ಲ ಕಾರ್ಖಾನೆಗಳ ಪದ್ಧತಿ.

ಇನ್ನು ನಾನು ಮಾಡಿದ ತಪ್ಪು. ಇದನ್ನು ಮುಚ್ಚಿಡುವುದಿಲ್ಲ. ಹೊರದೇಶದ ಕೊಳ್ಳುವವರು ವರ್ಷಕ್ಕೊಮ್ಮೆ ಆಡಿಟ್ಟಿಗೆ ಬರುತ್ತಾರೆ. ಒಳಗಿರುವ ಪ್ರತಿ ಮಷೀನಿನ ಮೇಲೂ ಕಂಪನಿಯ ನಂಬರಿನ ಸ್ಟಿಕರ್ ಇರಬೇಕು. ಹೊರಗಿನವರ ಮಷೀನು ಕಂಡರೆ ಕೆಲಸ ಹೊರಗೆ ಹಂಚುತ್ತಿದ್ದಾರೆಂದು ಬರೆದುಕೊಂಡು ಹೋಗುತ್ತಾರೆ. ಸೂಪರ್‌ವೈಸರ್ ಸ್ಟಿಕರ್ ಹಿಡಿದು ಬಂದು, "ಆಡಿಟ್ ಮುಗಿಯೋವರ್ಗೂ ಅಷ್ಟೆ ಅಕ್ಕ. ಆ ಹಸಿರು ಚೀಟಿನೂ ಕೊಟ್ಟಿರಿ, ಯಾರ ಕಣ್ಣಿಗೂ ಬೀಳೋದ್ ಬೇಡ" ಎಂದ. ಈ ಧಂದೆಯಲ್ಲಿ ನಾವೆಲ್ಲ ಹೀಗೆ ಮಾಡಿದವರೇ. ಕಾರ್ಖಾನೆಗೆ ಆರ್ಡರ್ ಸಿಕ್ಕರೆ ತಾನೇ ನಮಗೆ ಅನ್ನ? ನಾನು ಚೀಟಿ ಕೊಟ್ಟೆ. ಅಷ್ಟೇ ಅಲ್ಲ, ಮಷೀನಿನ ಧೂಳನ್ನು ನನ್ನ ಸೆರಗಿನಿಂದಲೇ ಒರೆಸಿ, ಸೊಟ್ಟಗಾಗದಂತೆ ನಾಲ್ಕೂ ಸ್ಟಿಕರ್ ಅಂಟಿಸಿದೆ. ಆಡಿಟ್ ಮುಗಿಯಿತು. ಸ್ಟಿಕರ್ ಯಾರೂ ಕೀಳಲಿಲ್ಲ, ಚೀಟಿ ಯಾರೂ ಹಿಂದಕ್ಕೆ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಎರಡು ವರ್ಷದ ಮೇಲೆ ಒಂದು ಸೋಮವಾರ ಹೋದರೆ ಗೇಟಿಗೆ ಬೀಗ. ಕಂಪನಿ ಬ್ಯಾಂಕಿನ ಸಾಲ ಕಟ್ಟಿರಲಿಲ್ಲ, ಬ್ಯಾಂಕಿನವರು ದಿವಾಳಿ ಪ್ರಕರಣ ಹಾಕಿದ್ದರು. ನ್ಯಾಯಮಂಡಳಿ ನೇಮಿಸಿದ ಒಬ್ಬರು ಕಾರ್ಖಾನೆಯನ್ನು ವಶಕ್ಕೆ ತೆಗೆದುಕೊಂಡಿದ್ದರು. ಕಂಪನಿಯಿಂದ ಬರಬೇಕಾದದ್ದು ಇದ್ದವರು ಅರ್ಜಿ ಕೊಡಿ ಎಂದು ನೋಟೀಸು ಅಂಟಿಸಿದ್ದರು. ನನಗೂ ಮೂರು ತಿಂಗಳ ಬಿಲ್ಲು ಬಾಕಿಯಿತ್ತು, ಅರ್ಜಿ ಕೊಟ್ಟೆ. ಮಷೀನು ಒಯ್ಯುತ್ತೇನೆಂದರೆ, ಈಗ ಒಂದು ಸೂಜಿಯನ್ನೂ ಕದಲಿಸುವಂತಿಲ್ಲ, ಕಂಪನಿ ಕೊಳ್ಳಲು ಯಾರಾದರೂ ಬರುತ್ತಾರೇನೋ ನೋಡಬೇಕು, ಕಾಯಿರಿ ಎಂದರು. ಕಾದೆವು. ಆ ಹೊತ್ತಿಗೆ ಮೂವರಲ್ಲಿ ಒಬ್ಬಳು ಬಸವೇಶ್ವರನಗರದಲ್ಲಿ ಮನೆಕೆಲಸಕ್ಕೆ ಸೇರಿದ್ದಳು. ಇನ್ನೊಬ್ಬಳು ಎರಡು ಬಸ್ಸು ಬದಲಾಯಿಸಿ ಕೆಂಗೇರಿಯಾಚೆಯ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಫೋಟೊ ಕಳಿಸಿದ ಗೆಳತಿಗೆ ಮೊಣಕಾಲು ನೋವು, ನಿಂತು ಮಾಡುವ ಕೆಲಸ ಆಗುವುದಿಲ್ಲ. ಅವಳು ಮನೆಯಲ್ಲಿ ಹೂ ಕಟ್ಟುತ್ತಿದ್ದಳು. ವಾರಕ್ಕೊಮ್ಮೆ ಮೂವರೂ ಫೋನು ಮಾಡಿ, "ಮಷೀನ್ ಯಾವಾಗ ಬರುತ್ತೆ ಅಕ್ಕ?" ಎಂದು ಕೇಳುತ್ತಿದ್ದರು. ಮುಂದಿನ ತಿಂಗಳು ಎನ್ನುತ್ತಿದ್ದೆ. ನಾಲ್ಕು ಮಷೀನು, ನಾಲ್ಕು ಜನ, ಮತ್ತೆ ಒಂದೇ ಶೆಡ್ಡಿನಲ್ಲಿ ಕೂರುತ್ತೇವೆ ಎಂದು ಮಾತು ಕೊಟ್ಟಿದ್ದೆ.

ಕಂಪನಿ ಕೊಳ್ಳಲು ಯಾರೂ ಬರಲಿಲ್ಲ. ಮುಚ್ಚಿ ಮಾರಿಬಿಡಿ ಎಂದು ಆದೇಶವಾಯಿತು. ಮಾರಿ ಹಂಚುವ ಕೆಲಸವೂ ಅದೇ ಮನುಷ್ಯನಿಗೇ ಬಂತು. ಲಿಕ್ವಿಡೇಟರ್ ಎನ್ನುತ್ತಾರೆ. ನಾನು ಮೊದಲು ಹೇಳಿದ ಹರಾಜಿನ ಪಟ್ಟಿ ಅವರದೇ.

ಮಾರನೆಯ ದಿನವೇ ಅವರ ಆಫೀಸಿಗೆ ಹೋದೆ. ರಾಜಾಜಿನಗರದಲ್ಲಿ ಒಂದು ಬೇಕರಿಯ ಮೇಲಿನ ಮಹಡಿ. ಮೆಟ್ಟಿಲ ತುಂಬಾ ಬಿಸಿ ಬನ್ನಿನ ವಾಸನೆ, ಒಳಗೆ ಬರೀ ಕಾಗದದ ವಾಸನೆ. ಲಿಕ್ವಿಡೇಟರ್ ಕೆಟ್ಟವರಲ್ಲ, ಕೂರಿಸಿ ನೀರು ಕೊಟ್ಟರು. ಪಕ್ಕದಲ್ಲಿ ಬ್ಯಾಂಕಿನ ಅಧಿಕಾರಿ ಕೂತಿದ್ದರು. ನಾನು ಎಲ್ಲ ಹೇಳಿದೆ.

"ಮೇಡಂ, ಮಷೀನ್ ಮೇಲೆ ಕಂಪನಿ ಸ್ಟಿಕರ್ ಇದೆ. ಬ್ಯಾಂಕಿಗೆ ಕೊಟ್ಟಿರೋ ಲಿಸ್ಟಲ್ಲೂ ಇದೆ" ಎಂದರು ಲಿಕ್ವಿಡೇಟರ್.

"ಸ್ಟಿಕರ್ ಅಂಟ್ಸಿದ್ದು ನಾನೇ ಸಾರ್."

"ನೀವೇ ಅಂಟ್ಸಿದ್ ಮೇಲೆ ಇನ್ನೇನ್ ಮಾತು?" ಎಂದು ಬ್ಯಾಂಕಿನವರು ನಕ್ಕರು. "ಕೊಂಡಿದ್ದಕ್ಕೆ ಬಿಲ್ ಇದ್ಯಾ?"

ಇತ್ತು. ಬಿಳಿ ಹಾಳೆಯಲ್ಲಿ ಹಳೆ ಮಷೀನು ಒಂದು ಎಂದು ಬರೆದ ನಾಲ್ಕು ಬಿಲ್ಲು. ಯಾವುದರಲ್ಲೂ ಮಷೀನಿನ ನಂಬರಿಲ್ಲ. ಹಳೆ ಮಷೀನು ಮಾರುವವರು ನಂಬರು ಬರೆಯುವುದಿಲ್ಲ, ಕೊಳ್ಳುವ ನಾವು ಕೇಳುವುದೂ ಇಲ್ಲ. ಬ್ಯಾಂಕಿನವರು ಒಂದು ಬಿಲ್ಲನ್ನು ಬೆಳಕಿಗೆ ಹಿಡಿದು ನೋಡಿ ಮೇಜಿನ ಮೇಲೆ ಬಿಟ್ಟರು. "ಕಂಪನಿ ಮುಳುಗಿದ್ ದಿನ ರೋಡಲ್ಲಿ ಹೋಗೋರೆಲ್ಲ ಬಂದು ನಂದು ನಂದು ಅಂತಾರೆ ಸಾರ್. ನಮ್ಗಿದು ಹೊಸದಲ್ಲ" ಎಂದು ಲಿಕ್ವಿಡೇಟರಿಗೆ ಹೇಳಿದರು, ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ.

ನನ್ನ ಮೈ ಉರಿದುಹೋಯಿತು. ಸಿಟ್ಟು ಬಂದಾಗ ನನಗೆ ಹುಟ್ಟೂರಿನ ಮಾತು ಬಾಯಿಗೆ ಬರುತ್ತದೆ. "ಯಾರ್ರೀ ರೋಡಲ್ಲಿ ಹೋಗೋರು? ಬಾಯಿಗೆ ಬಂದಂಗ ಮಾತಾಡಬ್ಯಾಡ್ರಿ. ಹೊಟ್ಟಿ ಕಟ್ಟಿ ಕೊಂಡ ಮಷೀನು ಅವು" ಎಂದೆ. ಕೆಳಗಿನ ಬೇಕರಿಗೂ ಕೇಳಿಸಿರಬೇಕು.

ಲಿಕ್ವಿಡೇಟರ್ ನಡುವೆ ಬಂದು ಸಮಾಧಾನ ಮಾಡಿದರು. ಆಗ ಬ್ಯಾಂಕಿನವರು ಒಂದು ದಾರಿ ಹೇಳಿದರು. ನಾನು ಮಷೀನಿನ ತಂಟೆ ಬಿಟ್ಟರೆ ನನ್ನ ಬಾಕಿ ಬಿಲ್ಲಿಗೆ ಅವರು ತಕರಾರು ತೆಗೆಯುವುದಿಲ್ಲ, ಪೂರ್ತಿ ಮೊತ್ತ ಒಪ್ಪಿಕೊಂಡಂತಾಗುತ್ತದೆ.

"ಒಪ್ಕೊಂಡ್ರೆ ದುಡ್ಡು ಬರುತ್ತಾ ಸಾರ್?" ಎಂದು ಲಿಕ್ವಿಡೇಟರನ್ನೇ ಕೇಳಿದೆ.

"ಕ್ರಮ ಇದೆ ಮೇಡಂ. ನಮ್ ಖರ್ಚು, ಆಮೇಲೆ ಬ್ಯಾಂಕು, ಕಂಪನಿ ಕಾರ್ಮಿಕರು. ಮಿಕ್ಕಿದ್ರೆ ನಿಮ್ಮಂಥ ಸಪ್ಲೈಯರ್‌ಗಳಿಗೆ."

"ಮಿಗುತ್ತಾ?"

ಅವರು ಗೋಡೆಯ ಕ್ಯಾಲೆಂಡರ್ ನೋಡಿದರು. ನನಗೆ ಉತ್ತರ ಸಿಕ್ಕಿತು. ಇಲ್ಲದ ದುಡ್ಡನ್ನು ಕಾಗದದಲ್ಲಿ ಕೊಟ್ಟು ಇರುವ ಮಷೀನನ್ನು ಕಿತ್ತುಕೊಳ್ಳುವ ರಾಜಿ ಅದು. ನನ್ನ ಬಿಲ್ಲುಗಳನ್ನು ಎತ್ತಿಕೊಂಡು ಬ್ಯಾಗಿಗೆ ಹಾಕಿಕೊಂಡೆ. "ನಾನು ಸೈನ್ ಹಾಕಲ್ಲ" ಎಂದು ಎದ್ದು ಬಂದೆ.

ವಾರದಲ್ಲಿ ಕಾಗದ ಬಂತು. ಮಷೀನು ನನ್ನವೆಂಬ ಕೋರಿಕೆ ತಿರಸ್ಕೃತ. ಒಪ್ಪದಿದ್ದರೆ ಹದಿನಾಲ್ಕು ದಿನದೊಳಗೆ ನ್ಯಾಯಮಂಡಳಿಗೆ ಹೋಗಬಹುದು. ಗಂಡ ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

"ಬಿಟ್ಬಿಡೇ. ಲಾಯರ್ ಫೀಸಲ್ಲಿ ಹೊಸಾ ಮಷೀನೇ ಬರುತ್ತೆ."

"ಲಾಯರ್ ಯಾಕೆ? ನಾನೇ ಹೋಗಿ ಹೇಳ್ತೀನಿ."

"ಅಲ್ಲಿ ಹೋಗಿ ನಮ್ಮನೇಲಿ ಕೂಗಾಡ್ದಂಗೆ ಕೂಗಾಡೋಕಾಗಲ್ಲ ಕಣೇ."

"ನೀವು ಟೈಪ್ ಮಾಡ್ಕೊಡಿ. ಕೂಗೋದು ಬಿಡೋದು ನಂಗೆ ಬಿಡಿ."

ಶಾಲೆಯ ಕಂಪ್ಯೂಟರಿನಲ್ಲಿ ಮಾಡಿದರೆ ತಪ್ಪಾಗುತ್ತದೆಂದು ಅವರು ರಜೆ ಹಾಕಿ, ಟೈಪಿಂಗ್ ಅಂಗಡಿಯಲ್ಲಿ ಕೂತು ಅರ್ಜಿ ಟೈಪು ಮಾಡಿದರು. ಗೊಣಗುತ್ತಲೇ ಮಾಡಿದರು, ಆದರೆ ಅಷ್ಟು ಅಚ್ಚುಕಟ್ಟಾದ ಅರ್ಜಿಯನ್ನು ನಾನು ಬೇರೆ ಕಂಡಿಲ್ಲ. ಸಾಕ್ಷಿ ಏನು ಎಂಬ ಜಾಗಕ್ಕೆ ಬಂದಾಗ ಮಾತ್ರ ಟೈಪು ನಿಂತಿತು.

ಆಗ ನೆನಪಾದದ್ದು ಗೇಟಿನ ಸೆಕ್ಯುರಿಟಿಯವನು. ಹುಡುಕಿದರೆ ಈಗ ಅವನು ನಂದಿನಿ ಲೇಔಟಿನ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿದ್ದ. ನನ್ನನ್ನು ಕಂಡು ತನ್ನ ಕುರ್ಚಿ ಬಿಟ್ಟುಕೊಟ್ಟ. "ಚೀಟಿ ಹೋದ್ರೆ ಹೋಯ್ತು ಬಿಡಿ ಅಕ್ಕ. ಚೀಟಿ ಹರ್ಯೋಕ್ ಮುಂಚೆ ರಿಜಿಸ್ಟರಲ್ಲಿ ಬರ್ದಿರ್ತೀವಿ. ಉದ್ದನೆ ಪುಸ್ತಕ. ತುಂಬಿದ್ಮೇಲೆ ಸೆಕ್ಯುರಿಟಿ ರೂಮಿನ ಅಟ್ಟದ ಮೇಲೆ ಎಸೀತಿದ್ವಿ. ಅದನ್ನ ಯಾರ್ ಕದೀತಾರೆ?" ಎಂದ. ಆದರೆ ಆ ಪುಸ್ತಕ ನಮ್ಮ ಕೈಯಲ್ಲಿಲ್ಲ, ಬೀಗದ ಒಳಗಿದೆ, ಕೀಲಿ ಲಿಕ್ವಿಡೇಟರ್ ಹತ್ತಿರ. ಅರ್ಜಿಯಲ್ಲಿ ಅದನ್ನೇ ಬರೆದೆವು.

ನ್ಯಾಯಮಂಡಳಿಯಲ್ಲಿ ನನ್ನ ಸರದಿ ಮಧ್ಯಾಹ್ನ ಬಂತು. ಕರಿ ಕೋಟಿನವರ ನಡುವೆ ಇಳಕಲ್ ಸೀರೆ ಉಟ್ಟು ನಾನೊಬ್ಬಳೇ ನಿಂತಿದ್ದೆ. ಕನ್ನಡದಲ್ಲಿ ಹೇಳಬಹುದೇ ಎಂದು ಕೇಳಿದೆ, ಹೇಳಿ ಎಂದರು. ಸ್ಟಿಕರ್ ಅಂಟಿಸಿದ್ದನ್ನೂ ಹೇಳಿದೆ. ಬ್ಯಾಂಕಿನ ವಕೀಲರು ಅದನ್ನೇ ಹಿಡಿದುಕೊಂಡು, ಇವರೇ ಒಪ್ಪಿಕೊಂಡಿದ್ದಾರಲ್ಲ ಎಂದರು.

"ನಾನು ಮಾಡಿದ್ ತಪ್ಪನ್ನ ನಾನೇ ಹೇಳ್ದೆ ಸ್ವಾಮಿ. ಅವರ ಬೀಗದೊಳಗಿರೋ ಪುಸ್ತಕ ತೆಗ್ದು ನೋಡೋಕೆ ಅವರಿಗೇನ್ ಭಯ?" ಎಂದೆ.

ಮೇಲೆ ಕೂತಿದ್ದವರು ಲಿಕ್ವಿಡೇಟರ್ ಕಡೆ ನೋಡಿದರು. ನನ್ನ ಮತ್ತು ಬ್ಯಾಂಕಿನವರ ಎದುರಿನಲ್ಲಿ ಪುಸ್ತಕ ಹುಡುಕಿಸಿ, ನಂಬರು ಹೊಂದಿದ ಮಷೀನುಗಳನ್ನು ಬಿಟ್ಟುಕೊಡಬೇಕೆಂದು ಹೇಳಿದರು. ಹತ್ತು ನಿಮಿಷವೂ ಹಿಡಿಯಲಿಲ್ಲ.

ಹುಡುಕಲು ಎರಡು ದಿನ ಹಿಡಿಯಿತು. ಮೊಣಕಾಲು ನೋವಿನ ಗೆಳತಿಯೂ ನನ್ನ ಜೊತೆ ಬಂದಳು. ಅಟ್ಟದ ತುಂಬಾ ಇಲಿ ಹಿಕ್ಕೆ, ಗೆದ್ದಲು. ಬ್ಯಾಂಕಿನವರು ಮೂಗಿಗೆ ಕರ್ಚೀಫು ಕಟ್ಟಿಕೊಂಡು ಬಾಗಿಲಲ್ಲಿ ನಿಂತರು. ನೀರಿನ ಟ್ಯಾಂಕರ್ ಬಂದದ್ದು, ಊಟದ ಕ್ಯಾರಿಯರ್ ಬಂದದ್ದು, ಗಣಪತಿ ಹಬ್ಬಕ್ಕೆ ಬಾಳೆಕಂಬ ಬಂದದ್ದು, ಎಲ್ಲ ಆ ಪುಸ್ತಕಗಳಲ್ಲಿ ಇತ್ತು. ಎರಡನೆಯ ದಿನ ಮಧ್ಯಾಹ್ನ ಸಿಕ್ಕಿತು. ನನ್ನ ಹೆಸರು, ನಾಲ್ಕು ಕಾಜಾ ಮಷೀನು, ನಾಲ್ಕು ನಂಬರು. ಷರಾ ಎಂಬ ಕಾಲಮ್ಮಿನಲ್ಲಿ, "ವಾಪಸ್ ಒಯ್ಯತಕ್ಕದ್ದು." ನನಗೆ ಅಳು ಬಂತು. ಸಂತೋಷದ್ದಲ್ಲ, ಸಿಟ್ಟಿನ ಅಳು. ಇಷ್ಟು ಸಣ್ಣ ಒಂದು ಸಾಲನ್ನು ಓದಲು ಯಾರಿಗೂ ಪುರುಸೊತ್ತಾಗಿರಲಿಲ್ಲ.

ಪುಸ್ತಕ ಹಿಡಿದುಕೊಂಡು ಎಲ್ಲರೂ ಮಷೀನುಗಳ ಹತ್ತಿರ ಹೋದೆವು. ಲಿಕ್ವಿಡೇಟರ್ ಬಗ್ಗಿ ತಗಡಿನ ನಂಬರು ಓದುವುದು, ನಾನು ಪುಸ್ತಕದಲ್ಲಿ ನೋಡುವುದು. ಮೊದಲನೆಯದು ಸರಿ. ಎರಡನೆಯದು, ಮೂರನೆಯದು ಸರಿ. ನಾಲ್ಕನೆಯದು ಹೊಂದಲಿಲ್ಲ. ಮತ್ತೆ ಓದಿಸಿದೆ. ಹೊಂದಲಿಲ್ಲ.

ನಿಂತಲ್ಲೇ ನೆನಪಾಯಿತು. ಒಮ್ಮೆ ಜ್ವರವೆಂದು ನಾನು ಎರಡು ದಿನ ರಜೆ ಹಾಕಿದ್ದೆ. ಅದಕ್ಕೆ ಮೊದಲು ನನ್ನ ಮಷೀನು ಸೂಜಿ ಮುರಿಯುತ್ತಿತ್ತು. ವಾಪಸ್ ಬಂದಾಗ ಬೆಣ್ಣೆಯಂತೆ ಓಡುತ್ತಿತ್ತು. ಮೆಕ್ಯಾನಿಕ್ ಒಳ್ಳೆಯ ರಿಪೇರಿ ಮಾಡಿದ್ದಾನೆಂದು ಅವನಿಗೆ ಕಾಫಿ ಕೊಡಿಸಿದ್ದೆ. ಅವನು ರಿಪೇರಿ ಮಾಡಿರಲಿಲ್ಲ ಎಂದು ಈಗ ತಿಳಿಯಿತು. ಅರ್ಜೆಂಟು ಆರ್ಡರಿಗೆಂದು ಸ್ಟೋರಿನಿಂದ ಕಂಪನಿಯ ಹೆಡ್ಡು, ಅಂದರೆ ಮೇಜಿನ ಮೇಲೆ ಕೂರುವ ಹೊಲಿಯುವ ಭಾಗ, ತಂದು ನನ್ನ ಮೇಜಿಗೆ ಕೂರಿಸಿ, ನನ್ನದನ್ನು ಗುಜರಿಗೆ ಹಾಕಿದ್ದ. ಇದನ್ನು ನಾನು ಬಾಯಿಬಿಟ್ಟು ಹೇಳಿದೆ.

ಬ್ಯಾಂಕಿನವರು ಕರ್ಚೀಫು ಬಿಚ್ಚಿದರು. ಎರಡು ದಿನದ ಧೂಳಿಗೆ ಅವರಿಗೂ ಸಾಕಾಗಿತ್ತು. "ಹೋಗ್ಲಿ ಬಿಡಿ ಮೇಡಂ. ಒಂದು ಅಂಕಿ ತಪ್ಪು ಬರ್ದಿದ್ದಾರೆ ಅನ್ಕೊಳ್ಳೋಣ. ನಾಲ್ಕೂ ತಗೊಂಡು ಒಂದು ಸೈನ್ ಹಾಕಿ, ಫೈಲ್ ಕ್ಲೋಸ್ ಮಾಡೋಣ" ಎಂದರು. ಲಿಕ್ವಿಡೇಟರ್ ಪೆನ್ನಿನ ಮುಚ್ಚಳ ತೆಗೆದರು. ಗೆಳತಿ ನನ್ನ ಸೆರಗು ಜಗ್ಗಿ ಕಿವಿಯಲ್ಲಿ, "ಅಕ್ಕಾ, ಸುಮ್ನೆ ಹೂಂ ಅನ್ನಿ" ಎಂದಳು. ಅವಳು ಯಾಕೆ ಹಾಗಂದಳೆಂದು ನನಗೆ ಗೊತ್ತಿತ್ತು. ಮೂರೇ ಮಷೀನು ಬಂದರೆ ನಾಲ್ವರಲ್ಲಿ ಒಬ್ಬಳು ಹೊರಗೆ. ನಿಂತು ಕೆಲಸ ಮಾಡಲಾಗದವಳು ಅವಳೊಬ್ಬಳೇ.

ಹೂಂ ಎನ್ನಬಹುದಿತ್ತು. ನಾನೇನೂ ಹರಿಶ್ಚಂದ್ರನ ವಂಶದವಳಲ್ಲ. ಸ್ಟಿಕರ್ ಅಂಟಿಸಿದ ಕೈ ಇದು. ಆದರೆ ಆ ಮನುಷ್ಯ ನನ್ನನ್ನು ರೋಡಲ್ಲಿ ಹೋಗುವವಳು ಎಂದಿದ್ದರು. ನಾಲ್ಕನೆಯದಕ್ಕೆ ಸೈನು ಹಾಕಿದರೆ ಅವರ ಮಾತು ನಿಜವಾಗುತ್ತದೆ.

"ನಂದನ್ನ ನಂದಲ್ಲ ಅಂದ್ರಿ ಆವತ್ತು. ಇವತ್ತು ನಂದಲ್ಲದ್ದನ್ನ ನಂದು ಅಂತ ಬರ್ಕೊಳಿ ಅಂತೀರಲ್ಲ, ಏನ್ ಸಾರ್ ಇದು? ನಿಮ್ ಫೈಲ್ ಮುಚ್ಚೋಕೆ ನಾನು ಕಳ್ಳಿ ಆಗ್ಬೇಕಾ?"

"ನಿಮ್ಗೆ ಲಾಭ ಆಗೋದನ್ನೇ ಹೇಳ್ತಿದೀನಲ್ರೀ!" ಎಂದು ಅವರು ರೇಗಿದರು.

"ನಂಗೆ ಲಾಭ ಬೇಡ. ನಂಗೆ ನನ್ ಮಷೀನ್ ಬೇಕು. ಮೂರು ಕೊಟ್ಟಿದ್ದೀವಿ ಅಂತ ಬರೀರಿ. ನಾಲ್ಕನೇದು ಕಂಪನಿಯವ್ರು ಗುಜರಿಗೆ ಹಾಕಿದ್ರು, ಅದರ ಬೆಲೆ ಕೊಡಬೇಕು ಅಂತ್ಲೂ ಬರೀರಿ. ಆಗ ಸೈನ್ ಹಾಕ್ತೀನಿ."

ಬರೆಯುವವರೆಗೆ ಅಲ್ಲಿಂದ ಕದಲಲಿಲ್ಲ. ಲಿಕ್ವಿಡೇಟರ್ ಕೊನೆಗೆ ಬರೆದರು. ಬೆಲೆ ಕೊಡಬೇಕು ಎಂಬುದರ ಮುಂದೆ ಅರ್ಜಿದಾರರ ಹೇಳಿಕೆಯಂತೆ ಎಂದು ಸೇರಿಸಿಕೊಂಡರು, ಸೇರಿಸಿಕೊಳ್ಳಲಿ. ಆಮೇಲೆ ಸ್ಪ್ಯಾನರ್ ತರಿಸಿ, ನಾಲ್ಕನೆಯ ಮಷೀನಿನ ಹೆಡ್ಡು ಬಿಚ್ಚಿಸಿ ನೆಲದ ಮೇಲೆ ಇಡಿಸಿದೆ. ಮೇಜು ನನ್ನದು. ಖಾಲಿ ಮೇಜನ್ನು ನಾನೇ ಎಳೆದುಕೊಂಡು ಹೊರಟಾಗ ಬ್ಯಾಂಕಿನವರು ಹಣೆ ಹಣೆ ಚಚ್ಚಿಕೊಂಡರು. ಆ ನಾಲ್ಕನೆಯದರ ಬೆಲೆಗೆ ಇವತ್ತಿನವರೆಗೆ ಒಂದು ಬಿಡಿಗಾಸೂ ಬಂದಿಲ್ಲ. ತಿಂಗಳಿಗೊಂದು ಪತ್ರ ಬರೆಯುವುದನ್ನು ನಾನೂ ನಿಲ್ಲಿಸಿಲ್ಲ. ಟೈಪು ಮಾಡುವುದು ಗಂಡನ ಕೆಲಸ.

ಟೆಂಪೋದಲ್ಲಿ ಮಾಗಡಿ ರಸ್ತೆಯುದ್ದಕ್ಕೂ ಗೆಳತಿ ನನ್ನ ಜೊತೆ ಮಾತಾಡಲಿಲ್ಲ. ಇಳಿಯುವಾಗ ಮಾತ್ರ, "ನೀವ್ ಮಾಡಿದ್ದು ಸರಿನೇ ಇರ್ಬೋದು ಅಕ್ಕ. ನಾನೇನ್ ಮಾಡ್ಲಿ ಹೇಳಿ" ಎಂದಳು.

ಕಾಮಾಕ್ಷಿಪಾಳ್ಯದಲ್ಲೇ ಮೊದಲಿಗಿಂತ ಚಿಕ್ಕದೊಂದು ಶೆಡ್ಡು ಹಿಡಿದೆ. ಹಳೆಯ ಗಿರಾಕಿಯೊಬ್ಬರು ಶಾಲೆ ಮಕ್ಕಳ ಯೂನಿಫಾರಂ ಅಂಗಿಗಳಿಗೆ ಕಾಜಾ ಹಾಕಲು ಕೊಟ್ಟರು. ಕೆಲಸ ಶುರುವಾದ ದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಮೂವರೂ ಬಂದಿದ್ದರು. ಮನೆಕೆಲಸದವಳೂ ಕೆಂಗೇರಿಗೆ ಹೋಗುತ್ತಿದ್ದವಳೂ ತಮ್ಮ ತಮ್ಮ ಮಷೀನಿನ ಪಕ್ಕ ನಿಂತಿದ್ದರು, ಕೂತಿರಲಿಲ್ಲ. ಗೆಳತಿ ಬಾಗಿಲ ಹತ್ತಿರ ಬ್ಯಾಗು ಹಿಡಿದುಕೊಂಡೇ ನಿಂತಿದ್ದಳು. ಮಾಲಕಿಗೆ ಒಂದು ಮಷೀನು ಬೇಕೇ ಬೇಕು ಎಂದು ಎಲ್ಲರೂ ಲೆಕ್ಕ ಹಾಕಿಕೊಂಡಾಗಿತ್ತು.

ನಾನು ಕತ್ತರಿ ತೆಗೆದುಕೊಂಡು ಹೆಡ್ಡಿಲ್ಲದ ಮೇಜಿನ ಮುಂದೆ ಸ್ಟೂಲು ಎಳೆದುಕೊಂಡೆ. ಕಾಜಾ ಹಾಕಿದ ಅಂಗಿಗಳ ದಾರ ಕತ್ತರಿಸುವ ಕೆಲಸಕ್ಕೆ ಮಷೀನು ಬೇಡ, ಮೇಜು ಸಾಕು.

"ನೀವ್ಯಾಕಕ್ಕ ಅಲ್ಲಿ?" ಎಂದಳು ಗೆಳತಿ.

"ನಾನು ಬಿಟ್ಟು ಬಂದಿದ್ದು ನನ್ ಮಷೀನ್ ಕಣೇ, ನಿಂದಲ್ಲ. ಬ್ಯಾಗ್ ಕೆಳಗಿಟ್ಟು ಕೂತ್ಕೋ, ಹೊತ್ತಾಯ್ತು."